ಆರ್ಟ್ ಗ್ಯಾಲರಿಗೆ ಮೊದಲ ಸಲ ಹೋಗ್ತಿದ್ದೀರಾ? ಅರಮನೆ ರಸ್ತೆಯಿಂದ ಶುರು ಮಾಡಿ

ಬೆಂಗಳೂರು ನೋಡಲು ಬರುವವರ ಪಟ್ಟಿಯಲ್ಲಿ ಲಾಲ್‌ಬಾಗ್ ಇರುತ್ತದೆ, ವಿಧಾನಸೌಧ ಇರುತ್ತದೆ, ಮಕ್ಕಳಿದ್ದರೆ ವಿಶ್ವೇಶ್ವರಯ್ಯ ಮ್ಯೂಸಿಯಂ ಇದ್ದೇ ಇರುತ್ತದೆ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಮಾತ್ರ ಇರುವುದಿಲ್ಲ. ಎಲ್ಲರೂ ಎನ್‌ಜಿಎಂಎ (ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್) ಅಂತ ಕರೆಯುವ ಜಾಗ ಅದು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಅದರ ಗೇಟಿನ ಮುಂದೆ ದಿನಾ ಬಸ್ಸಲ್ಲಿ ಓಡಾಡಿದ್ದಾರೆ, ಒಳಗೆ ಕಾಲಿಟ್ಟಿಲ್ಲ. ಯಾಕೆ ಅಂದರೆ ‘ಮಾಡರ್ನ್ ಆರ್ಟ್ ನಮಗೆಲ್ಲ ಅರ್ಥ ಆಗಲ್ಲ’ ಅನ್ನುತ್ತಾರೆ.

ಅರ್ಥ ಆಗಲೇಬೇಕು ಅಂತ ಯಾರು ಹೇಳಿದರು? ಅಲ್ಲಿ ಯಾರೂ ನಿಮಗೆ ಪರೀಕ್ಷೆ ಕೊಡುವುದಿಲ್ಲ. ಅದು ಸರ್ಕಾರದ ಸಂಸ್ಥೆ, ನಮ್ಮೆಲ್ಲರ ದುಡ್ಡಲ್ಲಿ ನಡೆಯುವುದು, ಗೋಡೆ ಮೇಲಿರುವುದು ನಮ್ಮ ಆಸ್ತಿ. ನಿಧಾನವಾಗಿ ನೋಡುವ ತಾಳ್ಮೆಯೊಂದು ಇದ್ದರೆ ಸಾಕು. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಹೊರಡುವ ಮುಂಚೆ

ಸೋಮವಾರ ರಜೆ. ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ಊರಿಂದ ರಾತ್ರಿ ಬಸ್ ಹತ್ತಿ ಬಂದು, ಗೇಟಿಗೆ ಬೀಗ ನೋಡಿ ವಾಪಸ್ ಹೋಗುವುದು ಬೇಜಾರಿನ ಕೆಲಸ. ರಾಷ್ಟ್ರೀಯ ಹಬ್ಬಗಳ ದಿನವೂ ಮುಚ್ಚಿರುತ್ತದೆ. ಹೋಗುವ ಹಿಂದಿನ ದಿನ ಅವರ ವೆಬ್‌ಸೈಟಲ್ಲಿ ಎರಡು ವಿಷಯ ನೋಡಿ: ಎಷ್ಟು ಗಂಟೆಗೆ ತೆರೆಯುತ್ತದೆ, ಈಗ ಯಾವ ಪ್ರದರ್ಶನ ನಡೆಯುತ್ತಿದೆ. ಎರಡನೆಯದು ಮುಖ್ಯ. ಇಂಥ ಕಡೆ ಸಂಗ್ರಹದಲ್ಲಿರುವ ಎಲ್ಲವನ್ನೂ ಯಾವಾಗಲೂ ತೂಗುಹಾಕುವುದಿಲ್ಲ, ಚಿತ್ರಗಳು ಆಗಾಗ ಬದಲಾಗುತ್ತವೆ, ಕೆಲವು ತಿಂಗಳು ಪೂರ್ತಿ ಒಬ್ಬನೇ ಕಲಾವಿದನ ಕೆಲಸ ಇರಬಹುದು.

ಮೆಜೆಸ್ಟಿಕ್‌ನಿಂದಾದರೆ ನೇರಳೆ ಮಾರ್ಗದ ಮೆಟ್ರೋ ಹಿಡಿದು ವಿಧಾನಸೌಧ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಆಟೋ ಮಾಡಿಕೊಳ್ಳಿ. ರೈಲಲ್ಲಿ ಬರುವವರಿಗೆ ಕಂಟೋನ್ಮೆಂಟ್ ಸ್ಟೇಷನ್ ಕೂಡ ದೂರವಿಲ್ಲ. ಆಟೋದವರಿಗೆ ‘ಎನ್‌ಜಿಎಂಎ’ ಅಂದರೆ ಗೊತ್ತಾಗದಿದ್ದರೆ ‘ಪ್ಯಾಲೇಸ್ ರೋಡ್, ಮೌಂಟ್ ಕಾರ್ಮೆಲ್ ಕಾಲೇಜಿನ ಹತ್ತಿರ’ ಅನ್ನಿ. ಟಿಕೆಟ್ ಜೇಬಿಗೆ ಹೊರೆಯಾಗುವಂಥದ್ದಲ್ಲ. ಒಂದು ಸಿನಿಮಾ ಟಿಕೆಟಿನ ದುಡ್ಡಲ್ಲಿ ಮನೆಮಂದಿಯೆಲ್ಲ ನೋಡಿ ಬರಬಹುದು.

ವಾರದ ನಡುವೆ, ಬೆಳಿಗ್ಗೆ ಹೋದರೆ ಒಳ್ಳೆಯದು. ಇಡೀ ಕೋಣೆಯಲ್ಲಿ ನೀವು ಮತ್ತು ಕಾವಲಿನವರು, ಇಬ್ಬರೇ ಇರುವ ಸಾಧ್ಯತೆ ಜಾಸ್ತಿ. ಬ್ಯಾಗ್ ಚಿಕ್ಕದಿರಲಿ, ದೊಡ್ಡದಿದ್ದರೆ ಕೌಂಟರಲ್ಲಿ ಇಟ್ಟು ಹೋಗಬೇಕಾಗುತ್ತದೆ. ಕಾಲಿಗೆ ಹಗುರಾದ ಚಪ್ಪಲಿ ಹಾಕಿಕೊಳ್ಳಿ. ಒಂದು ಸಣ್ಣ ನೋಟ್‌ಬುಕ್ ಮತ್ತು ಪೆನ್ಸಿಲ್ ತೆಗೆದುಕೊಳ್ಳಿ. ಪೆನ್ನು ಬೇಡ. ಶಾಯಿ ಚಿತ್ರಕ್ಕೆ ತಾಗಿದರೆ ತೆಗೆಯಲು ಆಗುವುದಿಲ್ಲ ಅಂತ ಬಹಳಷ್ಟು ಮ್ಯೂಸಿಯಂಗಳಲ್ಲಿ ಪೆನ್ಸಿಲ್ ಮಾತ್ರ ಬಿಡುತ್ತಾರೆ.

ಮೊದಲು ಕಟ್ಟಡ ನೋಡಿ

ಗೇಟು ದಾಟಿದ ಕೂಡಲೇ ಒಳಗೆ ಓಡಬೇಡಿ. ಇದು ಮಾಣಿಕ್ಯವೇಲು ಮ್ಯಾನ್ಷನ್. ಗಣಿ ವ್ಯವಹಾರದಲ್ಲಿ ಬೆಳೆದ ಮಾಣಿಕ್ಯವೇಲು ಮೊದಲಿಯಾರ್ ಅವರ ಬಂಗಲೆ. 2000ನೇ ಇಸವಿಯಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆ ಇದನ್ನು ಗುತ್ತಿಗೆಗೆ ಪಡೆಯಿತು, ದುರಸ್ತಿ ಮಾಡಿಸಿತು, ಹೊಸ ಕಟ್ಟಡ ಸೇರಿಸಿತು, 2009ರ ಫೆಬ್ರವರಿ 18ರಂದು ಜನರಿಗೆ ತೆರೆಯಿತು. ದೆಹಲಿಯ ಜೈಪುರ ಹೌಸ್‌ನಲ್ಲಿ 1954ರಲ್ಲಿ ಶುರುವಾದ ಸಂಸ್ಥೆಯ ಮೂರನೇ ಮನೆ ಇದು, ಎರಡನೆಯದು ಮುಂಬೈಯಲ್ಲಿದೆ. ಹಳೇ ಮರಗಳು, ಹಳೇ ಬಂಗಲೆ, ಅದರ ಪಕ್ಕ ಸದ್ದಿಲ್ಲದೆ ನಿಂತ ಹೊಸ ಕಟ್ಟಡ. ಹೊಸದು ಹಳೆಯದರ ಮೇಲೆ ಜೋರು ಮಾಡುವುದಿಲ್ಲ. ಇದು ನನಗೆ ತುಂಬಾ ಇಷ್ಟ. ಬೆಂಗಳೂರಲ್ಲಿ ಹಳೇ ಬಂಗಲೆಗಳಿಗೆ ಏನಾಗುತ್ತಿದೆ ಅಂತ ನೋಡುತ್ತಲೇ ಇದ್ದೇವಲ್ಲ, ಹಾಗಾಗಿ ಇದೊಂದು ಉಳಿದುಕೊಂಡಿದ್ದೇ ದೊಡ್ಡ ವಿಷಯ.

ಒಂದು ಸುತ್ತು ಬೇಗ, ಇನ್ನೊಂದು ಸುತ್ತು ನಿಧಾನ

ಮೊದಲ ಸಲ ಹೋದವರು ಮೊದಲ ಚಿತ್ರದಿಂದ ಶುರು ಮಾಡಿ, ಒಂದೊಂದರ ಮುಂದೂ ಒಂದಿಷ್ಟು ನಿಂತು, ಚೀಟಿ ಓದಿ ಮುಂದೆ ಹೋಗುತ್ತಾರೆ. ಅರ್ಧ ಮುಗಿಯುವಷ್ಟರಲ್ಲಿ ಕಾಲು ನೋವು, ಕಣ್ಣಿಗೆ ದಣಿವು, ಎಲ್ಲ ಒಂದೇ ಥರ ಕಾಣಲು ಶುರು. ಹೀಗೆ ಮಾಡಬೇಡಿ.

ಮೊದಲು ಎಲ್ಲ ಕೋಣೆಗಳನ್ನೂ ಸುಮ್ನೆ ಒಂದು ಸುತ್ತು ಹಾಕಿ. ಎಲ್ಲೂ ನಿಲ್ಲಬೇಡಿ. ಯಾವುದೋ ಒಂದು ಚಿತ್ರ ನಿಮ್ಮನ್ನು ತಿರುಗಿ ನೋಡುವ ಹಾಗೆ ಮಾಡುತ್ತದೆ, ಬಣ್ಣಕ್ಕೋ, ಒಂದು ಮುಖಕ್ಕೋ, ಸಿಟ್ಟು ಬರಿಸಿದ್ದಕ್ಕೋ. ಅಂಥ ನಾಲ್ಕೈದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಕುಳಿತು ನೀರು ಕುಡಿದು, ಎರಡನೇ ಸುತ್ತಲ್ಲಿ ಅವುಗಳ ಹತ್ತಿರ ಮಾತ್ರ ಹೋಗಿ. ಉಳಿದದ್ದನ್ನು ಬಿಟ್ಟರೆ ಏನೂ ನಷ್ಟವಿಲ್ಲ.

ಒಂದು ಚಿತ್ರಕ್ಕೆ ಐದು ನಿಮಿಷ ಕೊಡಿ. ಕೇಳಲು ಸಣ್ಣದು, ನಿಂತಾಗ ಬಹಳ ದೊಡ್ಡದು. ಮೊದಲ ನಿಮಿಷದಲ್ಲೇ ‘ನೋಡಿ ಆಯ್ತು’ ಅನಿಸುತ್ತದೆ, ಆಗಲೇ ಜಾಗ ಬಿಡಬಾರದು. ಮೊದಲು ದೂರ ನಿಂತು ಇಡೀ ಚಿತ್ರ ಕಣ್ಣಿಗೆ ಬರುವ ಹಾಗೆ ನೋಡಿ: ಬೆಳಕು ಎಲ್ಲಿದೆ, ಕತ್ತಲೆ ಎಲ್ಲಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು. ಆಮೇಲೆ ಹತ್ತಿರ ಬನ್ನಿ, ಆದರೆ ಕೈ ಚಾಚಿದರೂ ತಾಗದಷ್ಟು ದೂರ ಇರಲಿ. ಈಗ ಕಾಣುವುದು ಕೆಲಸ. ಕುಂಚ ಎಲ್ಲಿ ಎಳೆದಿದೆ, ಎಲ್ಲಿ ಬಣ್ಣ ದಪ್ಪಗೆ ಬಿದ್ದಿದೆ, ಎಲ್ಲಿ ಕ್ಯಾನ್ವಾಸಿನ ನೇಯ್ಗೆ ಹಾಗೇ ಬಿಟ್ಟಿದ್ದಾರೆ. ಕೊನೆಗೆ ಒಂದು ಬದಿಗೆ ಸರಿದು ಓರೆಯಾಗಿ ನೋಡಿ, ಬಣ್ಣದ ಉಬ್ಬುತಗ್ಗು ಬೆಳಕಿಗೆ ಎದ್ದು ಬರುತ್ತದೆ. ಗಾಜಿನ ಹೊಳಪು ಅಡ್ಡ ಬಂದರೂ ಇದೇ ಉಪಾಯ.

ಮೊಬೈಲ್ ವಿಷಯ. ಫೋಟೊ ತೆಗೆಯಬಹುದಾ ಅಂತ ಕೇಳಿಯೇ ತೆಗೆಯಿರಿ, ಪ್ರದರ್ಶನದಿಂದ ಪ್ರದರ್ಶನಕ್ಕೆ ನಿಯಮ ಬದಲಾಗುತ್ತದೆ. ಫ್ಲಾಶ್ ಮಾತ್ರ ಎಲ್ಲೂ ಬೇಡ. ಮುಟ್ಟಲೂ ಬಾರದು, ನಮ್ಮ ಬೆರಳಿನ ಜಿಡ್ಡು ಬಣ್ಣಕ್ಕೆ ಅಂಟಿಕೊಂಡು ವರ್ಷಗಳಲ್ಲಿ ಕಲೆಯಾಗುತ್ತದೆ. ಕೆಲವು ಕೋಣೆಗಳಲ್ಲಿ ಬೆಳಕು ಮಂದ ಇರುತ್ತದೆ, ಬಲ್ಬು ಕೆಟ್ಟಿದೆ ಅಂದುಕೊಳ್ಳಬೇಡಿ. ಜಲವರ್ಣ, ಕಾಗದ, ಹಳೇ ಫೋಟೊಗಳು ಬೆಳಕಿಗೆ ಮಾಸುತ್ತವೆ. ಅದಕ್ಕೇ ಜಗತ್ತಿನ ಮ್ಯೂಸಿಯಂಗಳಲ್ಲೆಲ್ಲ ಕಾಗದದ ಕೆಲಸಗಳಿಗೆ ಸುಮಾರು 50 ಲಕ್ಸ್‌ನಷ್ಟೇ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಬಿಡುತ್ತಾರೆ, ಕೆಲವು ತಿಂಗಳು ತೂಗುಹಾಕಿ ಮತ್ತೆ ಕತ್ತಲ ಕೋಣೆಗೆ ಒಯ್ಯುತ್ತಾರೆ. ಎರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಚೀಟಿ ಆಮೇಲೆ ಓದಿ

ಚಿತ್ರದ ಪಕ್ಕ ಒಂದು ಚೀಟಿ ಇರುತ್ತದೆ. ಕಲಾವಿದರ ಹೆಸರು, ಚಿತ್ರದ ಹೆಸರು, ಇಸವಿ, ಯಾವುದರಲ್ಲಿ ಮಾಡಿದ್ದು, ಎಷ್ಟು ಸೆಂಟಿಮೀಟರ್. ಮೊದಲು ಚಿತ್ರ, ಆಮೇಲೆ ಚೀಟಿ. ಹೆಸರು ಓದಿದ ಮೇಲೆ ಕಣ್ಣು ಅದನ್ನೇ ಹುಡುಕಲು ಶುರು ಮಾಡುತ್ತದೆ, ನಿಮ್ಮದೇ ಅನಿಸಿಕೆಗೆ ಜಾಗ ಇರುವುದಿಲ್ಲ.

ಚೀಟಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇಸವಿ. 1943 ಅಂತ ಇದ್ದು, ಬಂಗಾಳದ ಚಿತ್ರವಾಗಿದ್ದು, ಒಣಗಿದ ಮೈಗಳು ಕಂಡರೆ ಆ ವರ್ಷ ಅಲ್ಲಿ ಬಂದ ಬರಗಾಲದ ನೆನಪಾಗಬೇಕು. ಆಮೇಲೆ ಮಾಧ್ಯಮ ನೋಡಿ, ಅಂದರೆ ಯಾವುದರಲ್ಲಿ ಮಾಡಿದ್ದು ಅಂತ. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು, ಹಾಗಾಗಿ ಕಲಾವಿದ ತಿದ್ದಬಹುದು, ಮೇಲೆ ಮೇಲೆ ಬಳಿಯಬಹುದು. ಜಲವರ್ಣದಲ್ಲಿ ಆ ಅವಕಾಶ ಕಡಿಮೆ, ಕೈ ತಪ್ಪಿದರೆ ತಪ್ಪಿತು. ಎಚ್ಚಿಂಗ್, ಲಿಥೋಗ್ರಾಫ್ (ಎರಡೂ ಅಚ್ಚೊತ್ತಿ ತೆಗೆಯುವ ಚಿತ್ರಗಳು) ಅಂತ ಇದ್ದು ಕೆಳಗೆ ಪೆನ್ಸಿಲಲ್ಲಿ 3/25 ಅಂತ ಬರೆದಿದ್ದರೆ, 25 ಪ್ರತಿಗಳ ಪೈಕಿ ಮೂರನೆಯದು ಅಂತ. ‘ಅನ್‌ಟೈಟಲ್ಡ್’ ಅಂತ ಇದ್ದರೆ ಹೆಸರೇ ಇಟ್ಟಿಲ್ಲ ಅಂತ ಅರ್ಥ, ನಿಮಗೆ ತೋಚಿದ ಹೆಸರನ್ನು ನೋಟ್‌ಬುಕ್ಕಲ್ಲಿ ಬರೆದುಕೊಳ್ಳಿ.

ಯಾರ ಕೆಲಸ ಹುಡುಕಬೇಕು

ಎನ್‌ಜಿಎಂಎ ಸಂಗ್ರಹದಲ್ಲಿರುವ ಕೆಲವರ ಬಗ್ಗೆ ಒಂದಿಷ್ಟು ತಿಳಿದುಕೊಂಡು ಹೋದರೆ ಇಡೀ ಕಥೆ ಕಾಣುತ್ತದೆ. ನೀವು ಹೋದ ದಿನ ಎಲ್ಲರೂ ಗೋಡೆ ಮೇಲೆ ಇರಲಿಕ್ಕಿಲ್ಲ, ಸಿಕ್ಕಷ್ಟು ಸಿಗಲಿ.

ರಾಜಾ ರವಿವರ್ಮ ನಮಗೆ ಮೊದಲೇ ಗೊತ್ತು. ಮನೆಯ ದೇವರ ಕೋಣೆಯ ಲಕ್ಷ್ಮಿ, ಸರಸ್ವತಿಯರ ಹಳೇ ಪಟಗಳಿಗೆ ಮೂಲ ಅವರೇ. 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಆ ಚಿತ್ರಗಳನ್ನು ಸಾವಿರಾರು ಮನೆಗೆ ಮುಟ್ಟಿಸಿದರು. ಅವರದು ಯುರೋಪಿನ ತೈಲವರ್ಣದ ರೀತಿ, ಬಟ್ಟೆಯ ಮಡಿಕೆ ಮಡಿಕೆಯಲ್ಲೂ ಬೆಳಕು. ನಂತರ ಬಂದ ಕಲ್ಕತ್ತೆಯ ಅವನೀಂದ್ರನಾಥ ಟ್ಯಾಗೋರರಿಗೆ ಇದು ಬೇಡವಾಯಿತು. ಮೊಘಲ್ ಚಿತ್ರ ನೋಡಿದರು, ಜಪಾನಿ ಕಲಾವಿದರಿಂದ ಕಲಿತರು, ಬಣ್ಣ ಹಚ್ಚಿ ನೀರಲ್ಲಿ ತೊಳೆದು ಮತ್ತೆ ಹಚ್ಚುವ ರೀತಿ ಹಿಡಿದರು. ಅವರ ಚಿತ್ರ ಮಂಜಿನೊಳಗಿಂದ ನೋಡಿದ ಹಾಗೆ. ನಮ್ಮ ಮೈಸೂರಿನ ಕೆ. ವೆಂಕಟಪ್ಪ ಕಲಿತದ್ದು ಇವರ ಹತ್ತಿರವೇ.

ಜಾಮಿನಿ ರಾಯ್ ಅವರನ್ನು ನೋಡಿದರೆ ಯಾರಿಗೂ ‘ಅರ್ಥ ಆಗಲಿಲ್ಲ’ ಅನಿಸುವುದಿಲ್ಲ. ಯುರೋಪಿನ ರೀತಿಯಲ್ಲಿ ಚೆನ್ನಾಗಿ ಭಾವಚಿತ್ರ ಬರೆಯುತ್ತಿದ್ದವರು ಅದನ್ನೆಲ್ಲ ಬಿಟ್ಟು ಹಳ್ಳಿಯಲ್ಲಿ ಪಟ ಬರೆಯುವ ಕಲಾವಿದರ ದಾರಿ ಹಿಡಿದರು. ದಪ್ಪ ಗೆರೆ, ಬಾದಾಮಿ ಕಣ್ಣು, ಕೆಲವೇ ಬಣ್ಣ. ಮಣ್ಣು, ಸುಣ್ಣ, ದೀಪದ ಕಪ್ಪು, ಹುಣಸೆ ಬೀಜದ ಅಂಟು, ಹೀಗೆ ಕೈಗೆ ಸಿಗುವ ವಸ್ತುಗಳಿಂದಲೇ ಬಣ್ಣ ಮಾಡಿಕೊಂಡರು.

ಅಮೃತಾ ಶೇರ್‌ಗಿಲ್ ಹುಟ್ಟಿದ್ದು 1913ರಲ್ಲಿ ಬುಡಾಪೆಸ್ಟ್‌ನಲ್ಲಿ, ಕಲಿತದ್ದು ಪ್ಯಾರಿಸ್‌ನಲ್ಲಿ. ಅಜಂತಾ ನೋಡಿ, ದಕ್ಷಿಣ ಭಾರತ ಸುತ್ತಿ ಬಂದ ಮೇಲೆ 1937ರಲ್ಲಿ ಬರೆದ ಚಿತ್ರಗಳಲ್ಲಿ ನಮ್ಮ ಕಡೆಯ ಕಪ್ಪು ಮೈಬಣ್ಣ, ಬಿಳಿ ಪಂಚೆ, ಸುಮ್ಮನೆ ಕೂತ ಹುಡುಗರು ಬರುತ್ತಾರೆ. 28 ವರ್ಷಕ್ಕೇ ತೀರಿಕೊಂಡರು. ಆ ಚಿತ್ರಗಳಲ್ಲಿ ಯಾರೂ ನಗುವುದಿಲ್ಲ, ಯಾರೂ ನಮಗಾಗಿ ಪೋಸು ಕೊಡುವುದಿಲ್ಲ. ಇವರ ಒಂದೇ ಒಂದು ಚಿತ್ರ ಇದ್ದರೂ ಐದು ನಿಮಿಷ ಸಾಲದು.

ರವೀಂದ್ರನಾಥ ಟ್ಯಾಗೋರರು ಗಂಭೀರವಾಗಿ ಚಿತ್ರ ಬರೆಯಲು ಕೂತದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಸೇರಿಸುತ್ತಾ ಹೋದಾಗ ಪ್ರಾಣಿ, ಮುಖ ಎಲ್ಲ ಮೂಡಿದವು. ಎರಡು ಸಾವಿರಕ್ಕೂ ಮೀರಿ ಬರೆದರು. ವಯಸ್ಸಾಯ್ತು ಅನ್ನುವವರನ್ನು ಇವರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿ.

ಇಲ್ಲಿ ಹೇಳಿದ ರವಿವರ್ಮ, ಅವನೀಂದ್ರನಾಥ, ಜಾಮಿನಿ ರಾಯ್, ಶೇರ್‌ಗಿಲ್, ರವೀಂದ್ರನಾಥ, ಇಷ್ಟೂ ಜನರ ಕೃತಿಗಳು ಕಾನೂನಿನ ಪ್ರಕಾರ ದೇಶದ ಕಲಾ ನಿಧಿ. ಮಾರಲೆಂದು ಹೊರದೇಶಕ್ಕೆ ಒಯ್ಯುವಂತಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರನ್ನೂ ಹುಡುಕಿ, ಗೆರೆಗೆ ಲಯ ಬರಲಿ ಅಂತ ಕಥಕ್ ಕಲಿತವರು ಅವರು.

ಏನೂ ಕಾಣದ ಚಿತ್ರದ ಮುಂದೆ

ಜನ ಹೆದರುವುದು ಇಲ್ಲೇ. ಮನುಷ್ಯ ಇಲ್ಲ, ಮರ ಇಲ್ಲ, ಬರೀ ಬಣ್ಣ, ವೃತ್ತ, ಗೀಟು. ‘ಇದು ನಮ್ಮ ಮಗಳೂ ಬರೀತಾಳೆ’ ಅನ್ನುವ ಮಾತು ಕೇಳಿ ಬರುವುದೂ ಇಲ್ಲೇ. ಮಲ್ಲಿಕಾರ್ಜುನ ಮನ್ಸೂರರ ಆಲಾಪ ಕೇಳುವಾಗ ಇದರ ಅರ್ಥ ಏನು ಅಂತ ಯಾರೂ ಕೇಳುವುದಿಲ್ಲ ಅಲ್ವಾ? ಏರಿತು, ಇಳಿಯಿತು, ನಿಂತಿತು, ಎದೆಯಲ್ಲಿ ಏನೋ ಆಯಿತು. ಬಣ್ಣವನ್ನೂ ಹಾಗೇ ನೋಡಿ.

ಕಲಾವಿದ ಎಸ್.ಎಚ್. ರಜಾ ಅವರ ಬಿಂದುವಿನ ಚಿತ್ರ ಸಿಕ್ಕರೆ ಅದರಿಂದ ಶುರು ಮಾಡಿ. 1947ರಲ್ಲಿ ಮುಂಬೈಯಲ್ಲಿ ಸೌಜಾ, ಹುಸೇನ್, ಆರಾ ಮೊದಲಾದವರ ಜೊತೆ ಪ್ರೋಗ್ರೆಸಿವ್ ಅನ್ನುವ ಕಲಾವಿದರ ಗುಂಪು ಕಟ್ಟಿದವರು, 1950ರಲ್ಲಿ ಫ್ರಾನ್ಸಿಗೆ ಹೋದವರು. ಮಧ್ಯಪ್ರದೇಶದ ಹಳ್ಳಿ ಶಾಲೆಯಲ್ಲಿ ಮನಸ್ಸು ನಿಲ್ಲದ ಹುಡುಗನಿಗೆ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕೆ ಬರೆದು ಇದನ್ನೇ ನೋಡು ಅಂದಿದ್ದರು, ಆ ಚುಕ್ಕೆಯನ್ನು ರಜಾ ಮುದುಕರಾಗುವವರೆಗೂ ಬಿಡಲಿಲ್ಲ. ಆ ಕಪ್ಪು ಚುಕ್ಕೆಯನ್ನೇ ನೋಡುತ್ತಾ ನಿಲ್ಲಿ. ಸುತ್ತಲಿನ ಕೆಂಪು, ಹಳದಿ ಜಾಗ ಬದಲಿಸುತ್ತಾ ಹೋಗುತ್ತವೆ.

ಇಷ್ಟೆಲ್ಲ ಆದ ಮೇಲೂ ಏನೂ ಅನಿಸಲಿಲ್ಲ ಅಂದರೆ ಮುಂದೆ ಹೋಗಿ. ದೊಡ್ಡ ಹೆಸರು ಅಂತ ಮೆಚ್ಚಬೇಕಾಗಿಲ್ಲ. ಆದರೆ ಯಾಕೆ ಇಷ್ಟವಾಗಲಿಲ್ಲ ಅಂತ ಜೊತೆಗಿರುವವರಿಗೆ ಒಂದು ಮಾತಲ್ಲಿ ಹೇಳಿ ನೋಡಿ, ಹೇಳಲು ಹೋದಾಗಲೇ ಕಣ್ಣು ಚುರುಕಾಗುತ್ತದೆ.

ಮಕ್ಕಳ ಜೊತೆ ಹೋದರೆ

ಒಂದು ಗಂಟೆ ಸಾಕು. ಪಾಠ ಬೇಡ. ‘ಇದರಲ್ಲಿ ಏನು ಸದ್ದು ಕೇಳುತ್ತಿದೆ?’, ‘ಈ ಅಜ್ಜಿ ಏನು ಯೋಚನೆ ಮಾಡ್ತಿದ್ದಾಳೆ?’ ಅಂತ ಕೇಳಿ. ಅವರು ಹೇಳಿದ್ದನ್ನು ತಿದ್ದಬೇಡಿ. ಒಂದು ಚಿತ್ರ ಆರಿಸಿಕೊಂಡು ನೆಲದ ಮೇಲೆ ಕೂತು ಪೆನ್ಸಿಲಲ್ಲಿ ಬಿಡಿಸಲಿ, ಜನರಿಗೆ ದಾರಿ ಬಿಟ್ಟರೆ ಆಯಿತು. ಹೊರಗೆ ಮರದ ಕೆಳಗೆ ಓಡಾಡಲು ಜಾಗ ಇದೆ.

ಇನ್ನೂ ಹೊತ್ತಿದ್ದರೆ

ಊಟ ಮಾಡಿ ಕಸ್ತೂರಬಾ ರಸ್ತೆಗೆ ಹೋಗಿ, ಅಲ್ಲಿ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) ಇದೆ. ಖಾಸಗಿ ಮ್ಯೂಸಿಯಂ, 2023ರಲ್ಲಿ, ಅದೂ ಫೆಬ್ರವರಿ 18ರಂದೇ ತೆರೆದದ್ದು. ಎನ್‌ಜಿಎಂಎಯ ಹೊಸ ಕಟ್ಟಡ ಮಾಡಿದ ವಾಸ್ತುಶಿಲ್ಪಿಗಳೇ ಇದನ್ನೂ ಮಾಡಿದ್ದಾರೆ. ಹೊರಗೆ ಸ್ಟೀಲಿನ ಹೊದಿಕೆ, ನೀರಿನ ಟ್ಯಾಂಕಿನ ತಗಡಿನಂಥ ಗುರುತು. ಇಲ್ಲಿ ಫೋಟೊಗಳು ಮುಖ್ಯ, ಜೊತೆಗೆ ಬಟ್ಟೆ, ಹಳೇ ಪಟ, ಸಿನಿಮಾ ಪೋಸ್ಟರುಗಳೂ ಸಂಗ್ರಹದಲ್ಲಿವೆ. ಶುರುವಿನ ಪ್ರದರ್ಶನಗಳಲ್ಲಿ ಕುಂದಾಪುರದ ಕಡೆಯ ಎಲ್.ಎನ್. ತಲ್ಲೂರರ ಶಿಲ್ಪಗಳೂ ಇದ್ದವು. ಇಲ್ಲಿಗೂ ಸೋಮವಾರ ರಜೆ. ಮುಗಿಸಿ ಹೊರಬಂದರೆ ಕಬ್ಬನ್ ಪಾರ್ಕ್ ಎದುರಿಗೇ ಇದೆ, ಮೆಟ್ರೋಗೆ ನಡೆದೇ ಹೋಗಬಹುದು. ಎರಡನ್ನೂ ಒಂದೇ ದಿನ ಪೂರ್ತಿ ನೋಡಲು ಹೋಗಬೇಡಿ, ಇಲ್ಲಿ ಒಂದು ಮಹಡಿ ನೋಡಿ ಉಳಿದದ್ದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.