ಹಗೇವಿನಿಂದ ಫ್ರಿಜ್ಜಿಗೆ: ಒಂದು ಬಿಳಿ ವೈನ್ ಉಳಿಸಿಕೊಂಡ ಬಗೆ

ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ರಿಬೋವಿಲೆ ಎಂಬ ಊರಿನ ಟ್ರಿಂಬಾಕ್ ಮನೆತನದವರು 1626ರಿಂದ ವೈನ್ ಮಾಡಿಕೊಂಡು ಬಂದಿದ್ದಾರೆ. ಅವರ 'ಫ್ರೆಡೆರಿಕ್ ಎಮೀಲ್' ಎಂಬ ಬಿಳಿ ವೈನಿನ ಎರಡು ಬಾಟಲಿಗಳು ಒಂದು ವರ್ಷದ ಅಂತರದಲ್ಲಿ ನನ್ನ ಕೈಸೇರಿದವು. ಮೊದಲನೆಯದನ್ನು ನಾನು ಕೆಡಿಸಿದೆ, ಎರಡನೆಯದು ಉಳಿಯಿತು.

ಗೈಸ್ಬರ್ಗ್, ಓಸ್ಟರ್ಬರ್ಗ್ ಎಂಬ ಎರಡು ಇಳಿಜಾರು ತೋಟಗಳ ರೀಸ್ಲಿಂಗ್ ದ್ರಾಕ್ಷಿಯಿಂದ ಮಾಡುವ ಈ ವೈನನ್ನು, ಬಾಟಲಿಗೆ ತುಂಬಿದ ಮೇಲೂ ಮನೆತನದವರು ವರ್ಷಗಟ್ಟಲೆ ತಮ್ಮ ನೆಲಮಾಳಿಗೆಯಲ್ಲಿಟ್ಟುಕೊಂಡು, ಹದಕ್ಕೆ ಬಂದ ನಂತರವೇ ಮಾರಾಟಕ್ಕೆ ಬಿಡುತ್ತಾರೆ. ಅಷ್ಟು ತಾಳ್ಮೆಯಿಂದ ಮಾಡಿದ್ದನ್ನು ನಾನು ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದೆ. ದಾವಣಗೆರೆಯ ಏಪ್ರಿಲ್ ಬಿಸಿಲು ಎಂಥದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಜೂನಿನಲ್ಲಿ ಇಳಿಸಿ ನೋಡಿದರೆ ಬಿರಡೆ ತುಸು ಮೇಲೆದ್ದಿತ್ತು, ಕೊರಳಿನ ಸುತ್ತ ಜಿನುಗಿದ ರಸ ಅಂಟಾಗಿ ಒಣಗಿತ್ತು. ಒಳಗಿದ್ದ ವೈನ್ ಕಂದುಬಣ್ಣಕ್ಕೆ ತಿರುಗಿ, ಬೇಯಿಸಿದ ಸೇಬಿನಂತೆ ನಾರುತ್ತಿತ್ತು.

ಎರಡನೆಯ ಬಾಟಲಿ ಬಂದಾಗ ಹಳ್ಳಿಯ ಮನೆಯ ಹಗೇವು, ಅಂದರೆ ಕಾಳು ತುಂಬಿಡುವ ನೆಲದಡಿಯ ಕಣಜ, ನೆನಪಾಯಿತು. ಈಗ ಅದರಲ್ಲಿ ಯಾರೂ ಜೋಳ ತುಂಬುವುದಿಲ್ಲ. ನಾಲ್ಕು ದಿನ ಬಾಯಿ ತೆರೆದಿಟ್ಟು, ಹಿರಿಯರು ಮಾಡುತ್ತಿದ್ದಂತೆ ಮೊದಲು ದೀಪ ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ನೋಡಿಕೊಂಡ ಮೇಲೆಯೇ ಥರ್ಮಾಮೀಟರ್ ಇಳಿಸಿದೆ. ಹಗಲಿರುಳು 26 ಡಿಗ್ರಿ. ಏರಿಳಿತವಿಲ್ಲದ ಆ ತಾಪಮಾನ ಅಟ್ಟಕ್ಕಿಂತ ಎಷ್ಟೋ ವಾಸಿ, ಆದರೆ ಇಂಥ ವೈನ್ ಬಯಸುವುದು 12-13 ಡಿಗ್ರಿಯ ತಂಪನ್ನು. ಹಾಗಾಗಿ ಮನಸ್ಸಿಲ್ಲದಿದ್ದರೂ ಹಗೇವಿನ ಆಸೆ ಬಿಟ್ಟು, ಬಾಟಲಿಗೆ ಹತ್ತಿಬಟ್ಟೆ ಸುತ್ತಿ, ಬಿರಡೆ ಒಣಗದಂತೆ ಅಡ್ಡಲಾಗಿ ಮಲಗಿಸಿ, ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿಟ್ಟೆ. ಹಲವು ವರ್ಷಗಳ ಮಟ್ಟಿಗೆ ಫ್ರಿಜ್ ಸೂಕ್ತವಲ್ಲ, ಕೆಲವು ತಿಂಗಳಿಗೆ ಅಡ್ಡಿಯಿಲ್ಲ.

ಎಂಟು ತಿಂಗಳ ನಂತರ ತೆಗೆದಾಗ ತಳದಲ್ಲಿ ಕಲ್ಲುಸಕ್ಕರೆಯ ಪುಡಿಯಂಥ ಹರಳುಗಳಿದ್ದವು. ಮನೆಯವರು ಗಾಜಿನ ಚೂರೆಂದು ಹೆದರಿದರು. ಅದು ತಂಪಿಗೆ ಹರಳುಗಟ್ಟಿದ ಟಾರ್ಟಾರಿಕ್ ಆಮ್ಲದ ಲವಣ. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲದ್ದು. ಅಪಾಯವಿಲ್ಲ, ಬಾಟಲಿಯನ್ನು ನಿಧಾನವಾಗಿ ಬಗ್ಗಿಸಿದರೆ ತಳದಲ್ಲೇ ಉಳಿಯುತ್ತದೆ.

ಫ್ರಿಜ್ಜಿನಿಂದ ತೆಗೆದ ತಕ್ಷಣ ಸುರಿದ ಗುಟುಕಿನಲ್ಲಿ ಹುಳಿ ಬಿಟ್ಟು ಬೇರೇನೂ ತಿಳಿಯಲಿಲ್ಲ. ಇಪ್ಪತ್ತು ನಿಮಿಷ ಹೊರಗಿಟ್ಟು 11 ಡಿಗ್ರಿಗೆ ಬಂದ ಮೇಲೆ ನಿಂಬೆಸಿಪ್ಪೆಯ ಘಮ ಎದ್ದಿತು. ಅದರ ಹಿಂದೆಯೇ ಸೀಮೆಎಣ್ಣೆಯನ್ನು ನೆನಪಿಸುವ ತೆಳು ವಾಸನೆ. ಅದು ಕೆಟ್ಟ ಗುರುತಲ್ಲ, ಮಾಗಿದ ರೀಸ್ಲಿಂಗ್‌ನ ಸಹಜ ಗುಣ.

ಜೊತೆಗೆ ಬೆಣ್ಣೆದೋಸೆ ಇತ್ತು. ನಾಲಿಗೆಗೆ ಮೆತ್ತಿದ ಬೆಣ್ಣೆಯ ಜಿಡ್ಡನ್ನು ವೈನಿನ ಹುಳಿ ತೊಳೆದು, ಮುಂದಿನ ತುತ್ತನ್ನು ಮತ್ತೆ ಮೊದಲ ತುತ್ತಿನಂತೆ ಮಾಡುತ್ತಿತ್ತು. ಆಲೂಗಡ್ಡೆ ಪಲ್ಯಕ್ಕೂ ಚೆನ್ನಾಗಿ ಹೊಂದಿತು. ಖಾರದ ಚಟ್ನಿಯನ್ನು ಮಾತ್ರ ದೂರವಿಡಬೇಕಾಯಿತು, ಏಕೆಂದರೆ ಆಲ್ಕೋಹಾಲು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ. ಉಳಿದ ಅರ್ಧ ಬಾಟಲಿಗೆ ಬಿರಡೆ ಒತ್ತಿ ಮತ್ತೆ ಫ್ರಿಜ್ಜಿಗಿಟ್ಟೆ. ಮೂರನೆಯ ದಿನವೂ ಅದು ಸಪ್ಪೆಯಾಗಿರಲಿಲ್ಲ.