ಫ್ಲೋರೈಡ್ ನೀರಿಗೆ ಅಲ್ಯೂಮಿನಾ ಫಿಲ್ಟರ್: ಕಟ್ಟುವುದು ಸುಲಭ, ತೊಳೆಯುವುದೇ ಕೆಲಸ

ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರನ್ನು ಜನ ಬೇಳೆ ಬೇಯಿಸಿ ನೋಡಿ ಅಳೆಯುತ್ತಾರೆ. ಬೇಗ ಬೆಂದರೆ ಒಳ್ಳೆಯ ನೀರು ಅಂತ ಲೆಕ್ಕ. ಫ್ಲೋರೈಡ್ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗಬಹುದು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಕಟ್ಟಿಹಾಕುತ್ತದೆ. ಗ್ರಾನೈಟ್ ಬಂಡೆಯ ಸಂದಿನ, ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಾ ಅಂಶ ಹೆಚ್ಚಿರುವ ಮೆದು ನೀರಿನಲ್ಲೇ, ಅಂದರೆ ಬೇಳೆ ಬೇಗ ಬೇಯುವ ನೀರಿನಲ್ಲೇ, ಫ್ಲೋರೈಡ್ ಏರುತ್ತದೆ. ಕುದಿಸಿದರೆ ಆವಿಯಾಗುವುದು ನೀರು ಮಾತ್ರ, ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5.

ಮನೆಮಟ್ಟಕ್ಕೆ ನಾನು ಬಳಸುವುದು ಆಕ್ಟಿವೇಟೆಡ್ ಅಲ್ಯೂಮಿನಾ, ಅಂದರೆ ಫ್ಲೋರೈಡನ್ನು ಮೇಲ್ಮೈಗೆ ಹಿಡಿದುಕೊಳ್ಳುವ ಅಲ್ಯೂಮಿನಿಯಂ ಆಕ್ಸೈಡಿನ ಕಾಳು. ಕರೆಂಟ್ ಬೇಡ, ಆರ್‌ಓ ಹಾಗೆ ನೀರು ಚೆಲ್ಲುವುದೂ ಇಲ್ಲ.

160 ಮಿ.ಮೀ. ಪಿವಿಸಿ ಪೈಪಿನ 60 ಸೆಂ.ಮೀ. ತುಂಡು, ಕೆಳಗೆ ಎಂಡ್ ಕ್ಯಾಪ್, ಅದರಲ್ಲಿ ಅರ್ಧ ಇಂಚಿನ ಕೊಳವೆ ಮತ್ತು ವಾಲ್ವು. ತಳಕ್ಕೆ ಸ್ಟೀಲ್ ಜಾಲರಿ, ಮೇಲೆ 5 ಸೆಂ.ಮೀ. ತೊಳೆದ ಜಲ್ಲಿ, ಅದರ ಮೇಲೆ 3 ಕಿಲೋ ಅಲ್ಯೂಮಿನಾ. ಸುಮಾರು 21 ಸೆಂ.ಮೀ. ಎತ್ತರ ಬರುತ್ತದೆ. ಕಾಳು 0.4ರಿಂದ 1.2 ಮಿ.ಮೀ. ಇರಲಿ. ಏರ್ ಡ್ರೈಯರ್‌ಗೆ ಹಾಕುವ 3–5 ಮಿ.ಮೀ. ಗುಂಡುಗಳನ್ನು ಅಂಗಡಿಯವರು ‘ಎರಡೂ ಒಂದೇ’ ಅಂತ ಕೊಡುತ್ತಾರೆ, ತರಬೇಡಿ. ಗುಂಡಿನ ಒಳಗಿನವರೆಗೆ ಫ್ಲೋರೈಡ್ ಇಳಿಯಲು ಸಮಯವೇ ಸಿಗುವುದಿಲ್ಲ.

ಪೈಪಿಗೆ ಮೊದಲು ನೀರು ತುಂಬಿ, ಬಿಳಿ ಪುಡಿ ಹೋಗುವವರೆಗೆ ತೊಳೆದ ಅಲ್ಯೂಮಿನಾವನ್ನು ನೀರಿನೊಳಗೆ ಸುರಿಯಬೇಕು. ಒಣಗಿದ್ದನ್ನೇ ಸುರಿದರೆ ಗಾಳಿ ಸಿಕ್ಕಿಕೊಂಡು ನೀರು ತನಗೆ ಬೇಕಾದ ಒಂದೇ ದಾರಿ ಹಿಡಿಯುತ್ತದೆ. ತೆಗೆಯಲು ಸುಲಭವೆಂದು ಚೀಲದ ಸಮೇತ ಇಟ್ಟರೂ ಅದೇ ಕಥೆ, ಚೀಲದ ಅಂಚಿನಿಂದ ನೀರು ಜಾರುತ್ತದೆ. ಹೊರಬರುವ ಕೊಳವೆಯನ್ನು ಅಲ್ಯೂಮಿನಾ ಮಟ್ಟಕ್ಕಿಂತ 3 ಸೆಂ.ಮೀ. ಮೇಲಕ್ಕೆ ಏರಿಸಿ ಆಮೇಲೆ ಇಳಿಸಿ. ಬಾಗಿದ ನೆತ್ತಿಯಲ್ಲಿ ಸಣ್ಣ ತೂತು ಬೇಕು, ಇಲ್ಲದಿದ್ದರೆ ಸೈಫನ್ ಆಗಿ ಒಳಗಿನ ನೀರೆಲ್ಲ ಬಸಿದುಹೋಗುತ್ತದೆ.

ವೇಗ ಗಂಟೆಗೆ 10 ಲೀಟರ್. ಪೈಪು ತುಂಬಿದ್ದಾಗ 200 ಮಿ.ಲೀ. ಲೋಟ ಹಿಡಿಯಿರಿ, ತುಂಬಲು 72 ಸೆಕೆಂಡ್ ಆಗಬೇಕು. ಮಟ್ಟ ಇಳಿದಂತೆ ನಿಧಾನವಾಗುತ್ತದೆ, ಅದರಿಂದ ನಷ್ಟವಿಲ್ಲ. ಕೆಡಿಸುವುದು ಅವಸರ: ‘ತೊಟ್ಟಿಕ್ಕುತ್ತಿದೆ’ ಅಂತ ಮನೆಯವರು ಯಾರಾದರೂ ವಾಲ್ವು ಪೂರ್ತಿ ತಿರುಗಿಸುತ್ತಾರೆ. ನಾನು ಹೊಂದಿಸಿದ ಮೇಲೆ ಹಿಡಿಯನ್ನೇ ಬಿಚ್ಚಿಡುತ್ತೇನೆ.

ಎಷ್ಟು ದಿನ ಬರುತ್ತದೆ? ಕ್ಷಾರದ ನೀರಿಗೆ ನಾನು ಕಿಲೋಗೆ 1.5 ಗ್ರಾಂ ಫ್ಲೋರೈಡ್‌ಗಿಂತ ಹೆಚ್ಚು ನಂಬುವುದಿಲ್ಲ. ಮೂರು ಕಿಲೋಗೆ 4.5 ಗ್ರಾಂ. ನೀರಿನಲ್ಲಿ ಲೀಟರಿಗೆ 4 ಮಿ.ಗ್ರಾಂ ಇದ್ದು, ಕುಡಿಯಲು ಅಡುಗೆಗೆ ದಿನಕ್ಕೆ 20 ಲೀಟರ್ ಆದರೆ ಸುಮಾರು ಎರಡು ತಿಂಗಳು. ಇದು ಅಂದಾಜು ಅಷ್ಟೇ. ವಾರಕ್ಕೊಮ್ಮೆ ಸೋಸಿದ ನೀರನ್ನು ಫ್ಲೋರೈಡ್ ಅಳೆಯುವ ಬಣ್ಣದ ಕಿಟ್‌ನಲ್ಲಿ ನೋಡಲೇಬೇಕು. ಗುಲಾಬಿ ಬಣ್ಣ ಹಳದಿಯ ಕಡೆ ತಿರುಗಿ ಚಾರ್ಟಿನಲ್ಲಿ 1.5ಕ್ಕೆ ಬಂತೆಂದರೆ ತೊಳೆಯುವ ದಿನ ಬಂತು.

ಹಿಡಿದಿಟ್ಟ ಫ್ಲೋರೈಡ್ ಬಿಡಿಸಲು ಅಲ್ಯೂಮಿನಾವನ್ನು ನೈಲಾನ್ ಚೀಲಕ್ಕೆ ಸುರಿದುಕೊಂಡು, ಪ್ಲಾಸ್ಟಿಕ್ ಬಕೆಟ್ಟಿನ 10 ಲೀಟರ್ ನೀರಿನಲ್ಲಿ 100 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ 8 ಗಂಟೆ ಮುಳುಗಿಸುತ್ತೇನೆ. ಗಂಟೆಗೊಮ್ಮೆ ಚೀಲ ಎತ್ತಿ ಇಳಿಸಬೇಕು. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಒಮ್ಮೆ ಜಾಲಿಸಿ, ಇನ್ನೊಂದು ಬಕೆಟ್ಟಿನ 10 ಲೀಟರಿಗೆ ಗಟ್ಟಿ ಸಲ್ಫ್ಯೂರಿಕ್ ಆಸಿಡ್ 105 ಮಿ.ಲೀ. ಆಸಿಡ್ಡನ್ನು ನೀರಿಗೆ ನಿಧಾನವಾಗಿ ಹಾಕಬೇಕು, ನೀರನ್ನು ಆಸಿಡ್ಡಿಗೆ ಎಂದೂ ಅಲ್ಲ. ಕೈಗವಸು, ಕನ್ನಡಕ ಕಡ್ಡಾಯ; ಮಕ್ಕಳು ಶಾಲೆಗೆ ಹೋದ ಮೇಲೆ ಶುರುಮಾಡಿ. ಚೀಲ ಇದರಲ್ಲಿ ಮತ್ತೆ 8 ಗಂಟೆ ಮುಳುಗಿರಲಿ. ಆಮೇಲೆ ಪಿಎಚ್ ಪಟ್ಟಿ 7ರ ಹತ್ತಿರ ಬರುವವರೆಗೆ ಜಾಲಿಸುವುದು.

ಬಹಳ ಮಂದಿ ಆಸಿಡ್ ಹಂತ ಬಿಡುತ್ತಾರೆ. ಕಾಸ್ಟಿಕ್‌ನಲ್ಲಿ ನೆನೆದ ಮೇಲ್ಮೈ ಋಣಾವೇಶದಲ್ಲೇ ಉಳಿದು ಫ್ಲೋರೈಡನ್ನು ದೂಡುತ್ತದೆ, ನೀರಿನ ಪಿಎಚ್ ಏರಿ ಅಲ್ಯೂಮಿನಿಯಂ ಕರಗಿಬರುತ್ತದೆ. ಆಮೇಲೆ ‘ಫಿಲ್ಟರ್ ಸರಿಯಿಲ್ಲ’ ಎಂಬ ದೂರು. ಎರಡೂ ಹಂತ ಸರಿಯಾಗಿ ಮಾಡಿದರೂ ಮೊದಲ 20 ಲೀಟರ್ ಅಂಗಳ ತೊಳೆಯಲು ಹೋಗಲಿ.

ಅಲ್ಯೂಮಿನಾ ರೋಗಾಣು ಕೊಲ್ಲುವುದಿಲ್ಲ. ಸದಾ ಒದ್ದೆಯಿರುವ ಕಾಳಿನ ನಡುವೆ ಅವು ಬೆಳೆಯಲೂಬಹುದು. ಸೋಸಿದ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ, ಇಲ್ಲವೇ ಕುದಿಸಿ. ಈಗ ಕುದಿಸಲು ಅಡ್ಡಿಯಿಲ್ಲ.

ಉಳಿದ ಕಾಸ್ಟಿಕ್ ನೀರಿನಲ್ಲಿ ಎರಡು ತಿಂಗಳ ಫ್ಲೋರೈಡ್ ಒಟ್ಟಿಗೆ ಇದೆ. ಚರಂಡಿಗೆ ಚೆಲ್ಲಿದರೆ ಮತ್ತೆ ಬೋರಿಗೇ ಇಳಿಯುತ್ತದೆ. ಅದನ್ನು ಆಸಿಡ್ ನೀರಿನ ಜೊತೆ ನಿಧಾನವಾಗಿ ಬೆರೆಸಿ, ಅರಳಿದ ಸುಣ್ಣ ಸುಮಾರು 200 ಗ್ರಾಂ ಹಾಕಿ ಪಿಎಚ್ 8 ದಾಟಿಸಿ ರಾತ್ರಿ ಬಿಟ್ಟರೆ ಬಿಳಿ ಗಸಿ ಕೂರುತ್ತದೆ. ಮೇಲಿನ ತಿಳಿಯಲ್ಲೂ ಫ್ಲೋರೈಡ್ ಉಳಿದಿರುವುದರಿಂದ ತಾರ್ಪಾಲು ಹಾಸಿದ ಗುಂಡಿಯಲ್ಲಿ ಬಿಸಿಲಿಗೆ ಒಣಗಿಸಿ, ಗಸಿಯನ್ನು ಸಿಮೆಂಟಿಗೆ ಕಲಸಿ ಗಟ್ಟಿ ಮಾಡುತ್ತೇನೆ. ಮಳೆಗಾಲದಲ್ಲಿ ಗುಂಡಿಯ ಮೇಲೆ ತಗಡು ಬೇಕು.