ಮಳೆಗಾಲ, ಶಿರಸಿ ಮತ್ತು ನೆಟ್ ಇಲ್ಲದ ಗಿಟ್

ಶಿರಸಿ ಹತ್ತಿರದ ಹಳ್ಳಿಮನೆಯಿಂದ ಬೆಂಗಳೂರಿನ ಟೀಮಿಗೆ ಕೆಲಸ ಮಾಡುತ್ತೇನೆ. ಜೂನ್ ಬಂತೆಂದರೆ ಘಟ್ಟದ ಮಳೆ ಶುರು. ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಟವರೂ ಸುಮ್ಮನಾಗುತ್ತದೆ. "ಆಗ ಹೇಗೆ ಕೆಲಸ ಮಾಡ್ತೆ ಮಾರಾಯಾ?" ಅಂತ ಟೀಮಿನವರು ಕೇಳುತ್ತಾರೆ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೆ ಸಾಕು, ಉಳಿದದ್ದಕ್ಕೆ ಗಿಟ್ ಇದೆ: ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ತಂತ್ರಾಂಶ.

ಗಿಟ್ ಅಂದರೆ ಗಿಟ್‌ಹಬ್ (ಗಿಟ್ ಪ್ರಾಜೆಕ್ಟುಗಳನ್ನು ನೆಟ್‌ನಲ್ಲಿ ಇಡುವ ತಾಣ) ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗೋಸ್ಕರ ಗಿಟ್ ಬರೆದಾಗ ಗಿಟ್‌ಹಬ್ ಹುಟ್ಟಿರಲೇ ಇಲ್ಲ. ಗಿಟ್ ಕ್ಲೋನ್ ಅನ್ನುವ ಆಜ್ಞೆ ಕೊಟ್ಟರೆ ಪ್ರಾಜೆಕ್ಟಿನ ಪೂರ್ತಿ ಚರಿತ್ರೆಯೇ ನಿಮ್ಮ ಯಂತ್ರಕ್ಕೆ ಇಳಿಯುತ್ತದೆ. ಆಮೇಲೆ ಸ್ಟೇಟಸ್, ಆ್ಯಡ್, ಕಮಿಟ್ (ಬದಲಾವಣೆಯನ್ನು ದಾಖಲಿಸುವುದು), ಡಿಫ್, ಲಾಗ್, ಮರ್ಜ್ ಯಾವುದಕ್ಕೂ ನೆಟ್ ಬೇಡ. ದಿನದ ಕೆಲಸದಲ್ಲಿ ನೆಟ್ ಕೇಳುವುದು ಸರ್ವರಿನಿಂದ ಬೇರೆಯವರ ಕೆಲಸ ತರುವ ಫೆಚ್, ಪುಲ್ ಮತ್ತು ನಮ್ಮದನ್ನು ಕಳಿಸುವ ಪುಶ್ ಅಷ್ಟೇ.

ಹಾಗಾಗಿ ಬೆಳಿಗ್ಗೆ ಸಿಗ್ನಲ್ ಕಂಡ ಕೂಡಲೇ ಗಿಟ್ ಫೆಚ್ ಕೊಡುತ್ತೇನೆ. ಪುಲ್ ಅಲ್ಲ. ಪುಲ್ ತಂದದ್ದನ್ನು ಅಲ್ಲೇ ನನ್ನ ಬ್ರ್ಯಾಂಚಿಗೆ (ಕೋಡಿನಲ್ಲಿ ನನ್ನ ಕೆಲಸದ ಪ್ರತ್ಯೇಕ ಕವಲು) ಸೇರಿಸಿಬಿಡುತ್ತದೆ, ಫೆಚ್ ನನ್ನ ಫೈಲುಗಳನ್ನು ಮುಟ್ಟದೆ ತಂದಿಟ್ಟುಕೊಳ್ಳುತ್ತದೆ. ನೆಟ್ ಹೋದ ಮೇಲೆ ಗಿಟ್ ಲಾಗ್ -ಪಿ ಹೆಡ್..ಓರಿಜಿನ್/ಮೇನ್ ಕೊಟ್ಟು (ಓರಿಜಿನ್/ಮೇನ್ ಅಂದರೆ ಸರ್ವರಿನ ಮುಖ್ಯ ಬ್ರ್ಯಾಂಚ್), ಬೇರೆಯವರು ಏನೇನು ಬದಲಾಯಿಸಿದ್ದಾರೆ ಅಂತ ನಿಧಾನಕ್ಕೆ ಓದಿಕೊಳ್ಳಬಹುದು.

ಹೊಸ ಕೆಲಸಕ್ಕೆ ಗಿಟ್ ಸ್ವಿಚ್ -ಸಿ ಬಿಲ್ಲಿಂಗ್ ಅಂತ ಬ್ರ್ಯಾಂಚ್ ಮಾಡಿಕೊಳ್ಳುತ್ತೇನೆ. (ಸ್ವಿಚ್ ಬಂದದ್ದು 2019ರ 2.23 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಎಲ್ಲಾ ಭಾರ ಚೆಕ್‌ಔಟ್ ಅನ್ನೋ ಆಜ್ಞೆಯ ತಲೆ ಮೇಲೆ, ಸುಮ್ನೆ ಗೊಂದಲ.) ಗಿಟ್ ಆ್ಯಡ್ -ಪಿ ಬದಲಾವಣೆಗಳನ್ನು ತುಂಡು ತುಂಡಾಗಿ ತೋರಿಸಿ "ಇದು ಬೇಕಾ?" ಅಂತ ಕೇಳುತ್ತದೆ, ಇದರಿಂದ ಕಮಿಟ್‌ಗಳು ಚಿಕ್ಕದಾಗಿರುತ್ತವೆ. ನೆಟ್ ಬಂದ ಮೇಲೆ ಫೆಚ್, ಗಿಟ್ ರೀಬೇಸ್ ಓರಿಜಿನ್/ಮೇನ್ (ನನ್ನ ಕಮಿಟ್‌ಗಳನ್ನು ಹೊಸ ಮೇನ್ ಮೇಲೆ ಮತ್ತೆ ಕೂರಿಸಲು), ಪುಶ್. ಚಿಕ್ಕ ಕಮಿಟ್ ಆದರೆ ಕಾನ್‌ಫ್ಲಿಕ್ಟ್ (ಒಂದೇ ಜಾಗವನ್ನು ಇಬ್ಬರು ಬದಲಿಸಿದ ತಿಕ್ಕಾಟ) ಬಂದಾಗ ಎಲ್ಲಿ ಅಂತ ತಕ್ಷಣ ಗೊತ್ತಾಗುತ್ತದೆ. ಈಗಾಗಲೇ ಪುಶ್ ಮಾಡಿದ, ಬೇರೆಯವರೂ ಕೆಲಸ ಮಾಡುತ್ತಿರುವ ಬ್ರ್ಯಾಂಚನ್ನು ಮಾತ್ರ ರೀಬೇಸ್ ಮಾಡಬೇಡಿ.

ನೆಟ್ ಬರುವ ಲಕ್ಷಣವೇ ಇಲ್ಲದಿದ್ದರೆ? ಅದಕ್ಕೆ ಗಿಟ್ ಬಂಡಲ್ ಇದೆ, ಯಾಕೋ ಯಾರೂ ಇದರ ಸುದ್ದಿ ಎತ್ತುವುದಿಲ್ಲ. ಗಿಟ್ ಬಂಡಲ್ ಕ್ರಿಯೇಟ್ ಕೆಲಸ.ಬಂಡಲ್ ಓರಿಜಿನ್/ಮೇನ್..ಬಿಲ್ಲಿಂಗ್ ಅಂದರೆ ನನ್ನ ಹೊಸ ಕಮಿಟ್‌ಗಳಷ್ಟೇ ಒಂದು ಫೈಲಾಗುತ್ತವೆ. ಪೆನ್‌ಡ್ರೈವಿಗೆ ಹಾಕಿ, ಪೇಟೆಗೆ ಹೊರಟಿದ್ದ ಪಕ್ಕದ ಮನೆಯ ಅಣ್ಣನ ಕೈಯಲ್ಲಿ ಶಿರಸಿಯಲ್ಲಿರುವ ನಮ್ಮ ಟೀಮಿನವನಿಗೆ ಕಳಿಸಿದ್ದೇನೆ. "ಎಂತ ಇದ್ರಲ್ಲಿ?" ಅಂತ ಅಣ್ಣ ಕೇಳಿದ. "ಎರಡು ದಿನದ ಸಂಬಳ" ಅಂದೆ. ಆ ಕಡೆಯವನು ಗಿಟ್ ಫೆಚ್ ಕೆಲಸ.ಬಂಡಲ್ ಬಿಲ್ಲಿಂಗ್:ಬಿಲ್ಲಿಂಗ್ ಕೊಟ್ಟು ಪುಶ್ ಮಾಡಿದ, ಕಮಿಟ್‌ಗಳೆಲ್ಲ ನನ್ನ ಹೆಸರಲ್ಲೇ ಹೋದವು.

ಬಂಡಲ್ ಪಡೆಯುವವರ ಕ್ಲೋನಿನಲ್ಲಿ ಹಿಂದಿನ ಕಮಿಟ್‌ಗಳು ಇರಲೇಬೇಕು, ಗಿಟ್ ಬಂಡಲ್ ವೆರಿಫೈ ಅದನ್ನು ನೋಡಿ ಹೇಳುತ್ತದೆ. ಬಂಡಲ್‌ಗೆ ಬೀಗ ಇಲ್ಲ, ಸಿಕ್ಕವರು ಬಿಚ್ಚಿ ಓದಬಹುದು. ಆಫೀಸಿನ ಕೋಡ್ ಆದರೆ ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿಟ್ಟೇ ಕಳಿಸಿ.